ವಿದೇಶ ವ್ಯಾಸಂಗಕ್ಕೆ ಮೊದಲು ತೆಗೆಯಬೇಕಾದ್ದು ಪಹಣಿ

ಮಕ್ಕಳು ವಿದೇಶದಲ್ಲಿ ಎಂ.ಎಸ್. ಮಾಡಬೇಕೆಂದು ಹೊರಟರೆ ತಯಾರಿ ಎಲ್ಲಿಂದ ಶುರುವಾಗಬೇಕು? ಯಾರನ್ನು ಕೇಳಿದರೂ ಸಿಗುವ ಉತ್ತರ ಐಇಎಲ್‌ಟಿಎಸ್ ಕೋಚಿಂಗ್, ಆಮೇಲೆ ಒಂದು ಕನ್ಸಲ್ಟೆನ್ಸಿ. ತುಮಕೂರು ಜಿಲ್ಲೆಯಲ್ಲಿ ಓದುವ ಮಕ್ಕಳಿಗೇನೂ ಕೊರತೆಯಿಲ್ಲ. ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜಿಗೆ ಅರವತ್ತು ವರ್ಷ ದಾಟಿದೆ, ತಾಲ್ಲೂಕು ಕೇಂದ್ರವಾದ ಗುಬ್ಬಿಯಲ್ಲೇ ಸಿಐಟಿ ಎಂಜಿನಿಯರಿಂಗ್ ಕಾಲೇಜಿದೆ. ಇಲ್ಲಿ ಪದವಿ ಮುಗಿಸಿದವರಿಗೆ ಇಂಗ್ಲಿಷ್ ಪರೀಕ್ಷೆಯಲ್ಲಿ ಆರೂವರೆ ಬ್ಯಾಂಡ್ ತೆಗೆಯುವುದು ಕೆಲವು ತಿಂಗಳ ಶ್ರಮದ ಮಾತು. ಗುಬ್ಬಿ, ಕುಣಿಗಲ್ ಕಡೆಯ ಕೃಷಿಕ ಕುಟುಂಬಗಳಿಗೆ ನಿಜವಾದ ಪರೀಕ್ಷೆ ಎದುರಾಗುವುದು ಅಡ್ಮಿಷನ್ ಪತ್ರ ಕೈಗೆ ಬಂದ ಮೇಲೆ, ಬ್ಯಾಂಕ್ ಮ್ಯಾನೇಜರ್ ಮುಂದೆ ಕೂತಾಗ. ಆಗ ಬೇಕಾಗುವ ಕಾಗದಗಳನ್ನು ಎರಡು ವರ್ಷ ಮೊದಲೇ ಸರಿಮಾಡಿಕೊಳ್ಳದಿದ್ದರೆ ಉಳಿದ ತಯಾರಿಯೆಲ್ಲ ವ್ಯರ್ಥ ಎಂಬುದು ನನ್ನ ವಾದ.

ಲೆಕ್ಕ ನೋಡೋಣ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯ ಪ್ರಕಾರ 4 ಲಕ್ಷದವರೆಗೆ ಜಾಮೀನು ಬೇಡ, ಏಳೂವರೆ ಲಕ್ಷದವರೆಗೆ ಮೂರನೆಯವರ ಜಾಮೀನು ಸಾಕು, ಅದಕ್ಕಿಂತ ಹೆಚ್ಚಾದರೆ ಸಾಮಾನ್ಯವಾಗಿ ಆಸ್ತಿ ಅಡವಿಡಬೇಕು. ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲದ ಜರ್ಮನಿಗೆ ಹೋದರೂ ಒಂದು ವರ್ಷದ ಜೀವನವೆಚ್ಚವೆಂದು 11,904 ಯೂರೊವನ್ನು, ತಿಂಗಳಿಗಿಷ್ಟೇ ಎಂದು ತೆಗೆಯಲು ಬಿಡುವ ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕು. ಅದೇ ಹತ್ತು ಲಕ್ಷ ದಾಟಿತು. ಕೆನಡಾ 2024ರ ಜನವರಿಯಲ್ಲಿ ತಾನು ಕೇಳುವ ಇಂಥದೇ ಮೊತ್ತವನ್ನು 10,000 ಕೆನಡಾ ಡಾಲರಿನಿಂದ 20,635ಕ್ಕೆ ಏರಿಸಿತು. ಅದೇ ವರ್ಷ ಮೇ ತಿಂಗಳಿಂದ ಆಸ್ಟ್ರೇಲಿಯ ಕೇಳುತ್ತಿರುವುದು ಅಲ್ಲಿನ 29,710 ಡಾಲರು. ಶುಲ್ಕ, ವಿಮಾನದ ಟಿಕೆಟ್ಟು, ವೀಸಾ ಖರ್ಚೆಲ್ಲ ಇದರ ಮೇಲೆ. ಹಾಗಾಗಿ ಆಸ್ತಿ ಅಡಮಾನದ ಮಾತು ಬಂದೇ ಬರುತ್ತದೆ.

ನಮ್ಮ ಊರುಗಳಲ್ಲಿ ಆಸ್ತಿ ಎಂದರೆ ತೆಂಗು, ಅಡಿಕೆ ತೋಟ. ಮಾರಲು ಹೋದರೆ ಕೋಟಿ ಬೆಲೆ ಬಾಳುವ ತೋಟವೂ ಶಿಕ್ಷಣ ಸಾಲದ ಅಡಮಾನಕ್ಕೆ ಬ್ಯಾಂಕಿನ ಕಣ್ಣಿಗೆ ಬೀಳುವುದಿಲ್ಲ. ಕಾರಣ ಸರಳ. ಸಾಲ ತೀರದಿದ್ದರೆ ಕೋರ್ಟಿಗೆ ಅಲೆಯದೆ ಅಡವಿನ ಆಸ್ತಿಯನ್ನು ಹರಾಜು ಹಾಕುವ ಅಧಿಕಾರವನ್ನು ಬ್ಯಾಂಕಿಗೆ ಕೊಟ್ಟಿರುವುದು 2002ರ ಸರ್ಫೇಸಿ ಕಾಯ್ದೆ. ಅದರ 31ನೇ ಸೆಕ್ಷನ್ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ರೈತನ ರಕ್ಷಣೆಗೆಂದು ಇರುವ ಈ ಒಳ್ಳೆಯ ನಿಯಮವೇ ರೈತನ ಮಗಳ ಸಾಲಕ್ಕೆ ಅಡ್ಡ ನಿಲ್ಲುತ್ತದೆ. ಉಳಿದದ್ದು ಊರೊಳಗಿನ ಮನೆ. ಅದಕ್ಕೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ಬೇಕು, 9 ಮತ್ತು 11ಎ ನಮೂನೆ ಬೇಕು, ಋಣಭಾರ ಪತ್ರ ಬೇಕು. ಮನೆಯ ಖಾತೆ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದ್ದರೆ ಇವು ಯಾವುವೂ ಸುಲಭಕ್ಕೆ ಸಿಗುವುದಿಲ್ಲ. ಅಡವಿಗೆ ಬಾರದಿದ್ದರೂ, ಮನೆತನದ ಜಮೀನು ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಪಹಣಿಯ ಕಥೆಯೂ ಅಷ್ಟೆ. 9ನೇ ಕಾಲಂನಲ್ಲಿ ತಾತ, 11ನೇ ಕಾಲಂನಲ್ಲಿ ಎಂದೋ ತೀರಿಸಿದ ಸೊಸೈಟಿ ಸಾಲ, ನಾಲ್ಕು ಜನ ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಹಂಚಿಕೊಂಡು ಉಳುತ್ತಿರುವ, ಪೋಡಿಯಾಗದ, ಅಂದರೆ ಅಳತೆ ಮಾಡಿ ಬೇರೆ ಮಾಡಿಸದ ಜಮೀನು. ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ವಂಶವೃಕ್ಷ ಬೇಕು, ಅದರಲ್ಲಿ ಮದುವೆಯಾಗಿ ಹೋದ ಸೋದರತ್ತೆಯರ ಹೆಸರೂ ಇರಬೇಕು. ಅವರನ್ನು ಬಿಟ್ಟು ವಂಶವೃಕ್ಷ ಬರೆಸುವ ಚಾಳಿ ಇನ್ನೂ ಹೋಗಿಲ್ಲ. ಅದು ಅನ್ಯಾಯವೂ ಹೌದು, ಮುಂದೊಂದು ದಿನ ಬ್ಯಾಂಕಿನ ವಕೀಲರು ಲೀಗಲ್ ಒಪಿನಿಯನ್ ಬರೆಯುವಾಗ ಸಿಕ್ಕಿಬೀಳುವ ತಪ್ಪೂ ಹೌದು. ಈ ಕೆಲಸಗಳಲ್ಲಿ ಯಾವುದೂ ವೀಸಾಕ್ಕೆ ಆರು ವಾರ ಉಳಿದಿರುವಾಗ ಆಗುವಂಥದ್ದಲ್ಲ.

ಹೆಸರಿನದು ಇನ್ನೊಂದು ರಗಳೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ. ಹೀಗೆ ಖಾಲಿ ಬಿಟ್ಟವರ ಅಮೆರಿಕ ವೀಸಾದಲ್ಲಿ ಇರುವ ಒಂದೇ ಹೆಸರು ಸರ್‌ನೇಮ್ ಆಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ, ಅಂದರೆ ಹೆಸರು ಗೊತ್ತಿಲ್ಲ ಎಂದು. ಪಿಯುಸಿ ಹೊತ್ತಿಗೇ ತಿದ್ದಿಸಿಕೊಂಡರೆ ಸಣ್ಣ ಕೆಲಸ. ಪದವಿಯ ಅಂಕಪಟ್ಟಿಗಳೆಲ್ಲ ಬಂದ ಮೇಲಾದರೆ ಬೆಳಗಾವಿಯ ವಿಟಿಯುವರೆಗೆ ಓಡಾಟ.

ಇಷ್ಟೆಲ್ಲ ಯಾಕೆ, ಅಡಮಾನವಿಲ್ಲದೆ ಸಾಲ ಕೊಡುವ ಖಾಸಗಿ ಹಣಕಾಸು ಕಂಪನಿಗಳಿವೆಯಲ್ಲ ಎಂದು ಕೇಳುವವರಿದ್ದಾರೆ. ಇವೆ, ಬೇಗ ಕೊಡುತ್ತವೆ ಕೂಡ. ಆದರೆ ಬಡ್ಡಿ ಸರ್ಕಾರಿ ಬ್ಯಾಂಕಿಗಿಂತ ಹೆಚ್ಚು. 30 ಲಕ್ಷಕ್ಕೆ ಎರಡು ಪರ್ಸೆಂಟ್ ವ್ಯತ್ಯಾಸವೆಂದರೂ ವರ್ಷಕ್ಕೆ 60 ಸಾವಿರ. ಓದಿನ ಅವಧಿಯಲ್ಲೇ ಪ್ರತಿ ತಿಂಗಳು ಬಡ್ಡಿ ಕಟ್ಟಿ ಎಂಬ ಷರತ್ತು ಬಂದರೆ, ಶೇ 12ರ ಲೆಕ್ಕದಲ್ಲಿ ತಿಂಗಳಿಗೆ 30 ಸಾವಿರ. ಕೊಬ್ಬರಿ ದರವನ್ನು ನಂಬಿದ ಮನೆಯಲ್ಲಿ ಅದನ್ನು ಯಾರು ಕಟ್ಟುತ್ತಾರೆ? ಕೊನೆಗೆ ಆಗುವುದು ಕೈಸಾಲ, ಇಲ್ಲವೇ ಅರ್ಜೆಂಟಿಗೆ ಸಿಕ್ಕ ಬೆಲೆಗೆ ಎರಡೆಕರೆ ತೋಟದ ಕ್ರಯ.

ಕನ್ಸಲ್ಟೆನ್ಸಿಯವರೇ ಎಲ್ಲ ಮಾಡಿಕೊಡುತ್ತಾರೆ ಎಂಬುದು ಇನ್ನೊಂದು ನಂಬಿಕೆ. ಅವರಲ್ಲಿ ಪ್ರಾಮಾಣಿಕರು ಇದ್ದಾರೆ. ಆದರೂ ‘ಉಚಿತ ಸಲಹೆ’ ಕೊಡುವವರಲ್ಲಿ ಹೆಚ್ಚಿನವರ ಆದಾಯ ವಿದ್ಯಾರ್ಥಿ ಸೇರಿದ ಕಾಲೇಜು ಕೊಡುವ ಕಮಿಷನ್. ಸೀಡ್ಸ್ ಅಂಗಡಿಯವನು ತನ್ನಲ್ಲಿರುವ ಕಂಪನಿಯ ಬೀಜವನ್ನೇ ಹೊಗಳುವ ಹಾಗೆ, ಅವರೂ ಕಮಿಷನ್ ಬರುವ ಕಾಲೇಜನ್ನೇ ಹೇಳುತ್ತಾರೆ. ಬೋಧನಾ ಶುಲ್ಕವೇ ಇಲ್ಲದ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯದ ಹೆಸರನ್ನು ಅವರು ತಾವಾಗಿ ಎತ್ತುವುದು ಅಪರೂಪ. 2023ರಲ್ಲಿ ಕೆನಡಾದಲ್ಲಿ ನಕಲಿ ಅಡ್ಮಿಷನ್ ಪತ್ರದ ಕಾರಣಕ್ಕೆ ಗಡೀಪಾರಿನ ಭೀತಿ ಎದುರಿಸಿದ ಭಾರತೀಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಪಂಜಾಬಿನವರು, ಆ ಪತ್ರ ಕೊಟ್ಟವರು ಏಜೆಂಟರು. ‘ಈ ಇನ್‌ಟೇಕ್ ತಪ್ಪಿದರೆ ಆಯಿತು’ ಎಂಬ ಅವಸರಕ್ಕೆ ಬಲಿಯಾಗುವುದು ಕಾಗದ ಸಿದ್ಧವಿಲ್ಲದ ಮನೆಯವರೇ. ಸಿದ್ಧವಿದ್ದವರು ಕಾಯಬಲ್ಲರು, ದೇಶ ಬದಲಿಸಬಲ್ಲರು. ಬ್ರಿಟನ್ 2024ರಿಂದ ಸಾಮಾನ್ಯ ಸ್ನಾತಕೋತ್ತರ ವಿದ್ಯಾರ್ಥಿಗಳು ಸಂಸಾರ ಕರೆತರುವುದನ್ನು ನಿಲ್ಲಿಸಿತು, ಅಮೆರಿಕ 2025ರಲ್ಲಿ ಕೆಲವು ವಾರ ಹೊಸ ವಿದ್ಯಾರ್ಥಿ ವೀಸಾ ಸಂದರ್ಶನದ ದಿನಾಂಕ ಕೊಡುವುದನ್ನೇ ತಡೆಹಿಡಿಯಿತು. ಹೀಗೆ ನಿಯಮ ಬದಲಾಗುವ ಕಾಲದಲ್ಲಿ ಕಾಯುವ ಶಕ್ತಿಯೇ ದೊಡ್ಡ ಬಂಡವಾಳ.

ಅಷ್ಟು ಕಷ್ಟಪಟ್ಟು ಯಾಕೆ ಹೋಗಬೇಕು, ಗುಬ್ಬಿಯಲ್ಲೇ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ, ವಸಂತನರಸಾಪುರದಲ್ಲಿ ಕೈಗಾರಿಕೆಗಳಿವೆ ಎಂಬ ಮಾತಿಗೆ ತೂಕವಿದೆ. ಸಾಧಾರಣ ಕಾಲೇಜಿನ ಸಾಧಾರಣ ಕೋರ್ಸಿಗೆ 40 ಲಕ್ಷ ಸುರಿಯುವುದಾದರೆ ಇಲ್ಲೇ ಇರುವುದು ಮೇಲು ಎಂದು ನಾನೂ ಹೇಳುತ್ತೇನೆ. ಆದರೆ ಹೋಗಲು ಯೋಗ್ಯತೆಯಿದ್ದ ಹುಡುಗಿ ಪೌತಿ ಖಾತೆ ಆಗದ ಕಾರಣಕ್ಕೆ ಉಳಿದುಕೊಂಡರೆ ಅದು ಅವಳ ಆಯ್ಕೆ ಅನಿಸಿಕೊಳ್ಳುವುದಿಲ್ಲ. ಸಾಲವೊಂದೇ ದಾರಿಯೂ ಅಲ್ಲ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ ಪ್ರಬುದ್ಧ ಯೋಜನೆಯಿದೆ, ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನಗಳಿವೆ, ದೇವರಾಜ ಅರಸು ನಿಗಮದಂಥ ಕಡೆ ಹಿಂದುಳಿದ ವರ್ಗದವರಿಗೆ ಸಾಲ ಸೌಲಭ್ಯವಿದೆ. ಅಲ್ಲೂ ಮೊದಲು ಕೇಳುವುದು ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರವನ್ನೇ.

ತುಮಕೂರು ವಿಶ್ವವಿದ್ಯಾಲಯವೂ ಜಿಲ್ಲಾಡಳಿತವೂ ಸೇರಿ, ಲೀಡ್ ಬ್ಯಾಂಕಿನವರನ್ನು ಕೂರಿಸಿಕೊಂಡು, ವರ್ಷಕ್ಕೊಮ್ಮೆಯಾದರೂ ಗುಬ್ಬಿ, ಕುಣಿಗಲ್ ತಾಲ್ಲೂಕು ಕಚೇರಿಗಳಲ್ಲಿ ಈ ಕಾಗದಪತ್ರಗಳನ್ನು ಸರಿಮಾಡಿಸಲೆಂದೇ ಒಂದು ದಿನದ ಶಿಬಿರ ನಡೆಸಲಿ. ಖರ್ಚು ಹೆಚ್ಚಿಲ್ಲ. ಮಕ್ಕಳು ಪದವಿಯ ಎರಡನೇ ವರ್ಷದಲ್ಲಿರುವ ತಂದೆತಾಯಂದಿರು ಅದಕ್ಕೆ ಕಾಯುವುದೂ ಬೇಡ. ಈ ವಾರವೇ ಒಂದು ಪಹಣಿ, ಮನೆಯ ಇ-ಸ್ವತ್ತು ತೆಗೆಸಿ, ಅವುಗಳಲ್ಲಿ ಯಾರ ಹೆಸರಿದೆ ಎಂದು ಓದಿ ನೋಡಿ.