ನಾರಾಯಣನ ಉದ್ರಿ ಖಾತೆ (ಭಾಗ 3)

ಹೋದ ಪೋಸ್ಟಿನ್ಯಾಗ ‘ಅವನೇ ಶ್ರೀಮನ್ನಾರಾಯಣ’ ನನಗ ಭಾಳ ಸೇರತೈತಿ ಅಂದಿದ್ದಕ್ಕ ಹತ್ತು ಮಂದಿ ಬಂದು ಒಂದ ಮಾತು ಬರದ್ರಿ: "ಅದು ಕೌಬಾಯ್ ಸಿನಿಮಾದ ಕಾಪಿ." ಉತ್ತರ ಕಾಮೆಂಟ್‌ನ್ಯಾಗ ಹಿಡಿಯಂಗಿಲ್ಲ. ಅದಕ್ಕ ಇಲ್ಲೆ ಬರಿಯಾಕತ್ತೇನಿ, ಸಾವಕಾಶ ಓದ್ರಿ.

2019ರ ಡಿಸೆಂಬರ್ 27ಕ್ಕ ಬಂದ ಸಿನಿಮಾ. ನಾನಾಗ ಒಂಬತ್ತನೇತ್ತ. ಮಾವನ ಜೋಡಿ ಹೋಗಿ ನೋಡಿದ್ದೆ, ಅರ್ಧ ತಿಳಿಲಿಲ್ಲ. ಈಗ ತಿರುಗಿ ನೋಡಿದ ಮ್ಯಾಲೆ ನಿರ್ದೇಶಕ ಸಚಿನ್ ರವಿ ಎಷ್ಟು ಖುಷಿಲೆ ಆಟ ಆಡ್ಯಾರ ಅಂತ ಗೊತ್ತಾತು. ಅದು ಅವರ ಮೊದಲನೇ ಸಿನಿಮಾ! ಅಮರಾವತಿ ಅನ್ನೋ ಎಲ್ಲೂ ಇಲ್ಲದ ಊರು, ಧೂಳು, ಬಂದೂಕು, ಅಭೀರರು ಅನ್ನೋ ಡಕಾಯಿತರು, ಅಣ್ಣ-ತಮ್ಮರ ವೈರದ ನಡುವ ಒಬ್ಬ ಪೊಲೀಸ್ ನಾರಾಯಣ. ಹಳೇ ಕೌಬಾಯ್ ಸಿನಿಮಾಗಳ ನೆನಪು ಅಂತ ಸಣ್ಣ ಹುಡುಗಗೂ ತಿಳೀತೈತಿ. ಮುಚ್ಚಿಟ್ಟೇ ಇಲ್ಲ.

ನಾವು ಬಿ.ಕಾಂ.ನವರು. ಉದ್ರಿ ತಗೊಂಡು ಖಾತೆ ಪುಸ್ತಕದಾಗ ಬರದ್ರ ವ್ಯವಹಾರ, ಬರೀದ ಇದ್ರ ಕಳವು. ಕೌಬಾಯ್ ಸಿನಿಮಾದ ದೊಡ್ಡ ಗುರು ಸರ್ಜಿಯೋ ಲಿಯೋನೆನ ಸುದ್ದಿನ ಕೇಳ್ರಿ. 1964ರ ಅವನ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಕಥೆ ಕುರೊಸಾವಾನ 1961ರ ‘ಯೊಜಿಂಬೊ’ದ್ದು: ಎರಡು ಗುಂಪು ಹೊಡೆದಾಡೋ ಊರಿಗೆ ಗುರುತಿಲ್ಲದವ ಒಬ್ಬ ಬರ್ತಾನ, ಇಬ್ಬರನ್ನೂ ಆಡಸ್ತಾನ. ಹೇಳದ ತಗೊಂಡಿದ್ದಕ್ಕ ಜಪಾನಿನವರಿಗೆ ಗಳಿಕೆಯೊಳಗ ಪಾಲು ಕೊಡಬೇಕಾತು. ಆ ಕುರೊಸಾವಾನೂ ಅಮೆರಿಕದ ಜಾನ್ ಫೋರ್ಡ್‌ನ ಅಭಿಮಾನಿ, ಆದ್ರ ಅದನ್ನ ಬಾಯಿಬಿಟ್ಟು ಹೇಳಿದವ. 1975ಕ್ಕ ಅದೇ ಧೂಳು ನಮ್ಮ ರಾಮನಗರದ ಬಂಡೆ ಮ್ಯಾಲೆ ‘ಶೋಲೆ’ ಆಗಿ ಎದ್ದಿತು.

ಹಂಗಾದ್ರ ನಾರಾಯಣ ಆ ಖಾತೆಗೆ ತಿರುಗಿ ಏನು ಜಮಾ ಮಾಡ್ದ? ನಾಟಕ ಕಂಪನಿ! ನಿಧಿ ಕದ್ದವರು ನಾಟಕ ಮಂಡಳಿಯವರು. ಇದನ್ನ ಲಿಯೋನೆ ಎಲ್ಲಿಂದ ತರಬೇಕು? ಸವದತ್ತಿ ತಾಲೂಕಿನ ಏಣಗಿಯ ಬಾಳಪ್ಪನವರು ಕಲಾವೈಭವ ನಾಟ್ಯ ಸಂಘ ಕಟ್ಟಿ ಊರೂರು ತಿರುಗಿದ ನಾಡು ನಮ್ಮದು. ನಮ್ಮ ಅಜ್ಜ ಆ ಭಾಗ ನೋಡಿ "ಇವರು ಕಂಪನ್ಯಾಗಿನವರಲ್ಲೇನ?" ಅಂದವ ಮೊಬೈಲ್ ತಿರುಗಿ ಕೊಡಲೇ ಇಲ್ಲ, ನನ್ನ ಡೇಟಾ ಮುಗಿಯೋತನಕ.

ತಪ್ಪಿಲ್ಲ ಅನ್ನಂಗಿಲ್ಲ. ಮೂರು ತಾಸು ಮೀರೈತಿ, ಕಡೀಕ ಸ್ವಲ್ಪ ಎಳದಾರ.

ನನಗ್ಯಾಕ ಇಷ್ಟು ಸಿಟ್ಟು ಅಂದ್ರ, ಹೋದ ವರ್ಷ ಗ್ಯಾದರಿಂಗ್‌ನ್ಯಾಗ ನನ್ನ ಗೆಳೆಯ ಬೈಲಹೊಂಗಲ ಹತ್ತಿ ಪ್ಯಾಟಿ ಮ್ಯಾಲೆ ಕೌಬಾಯ್ ಸ್ಕಿಟ್ ಬರದಿದ್ದ. ಇಬ್ಬರು ಅಡತಿ ಅಂಗಡಿಯವರು, ನಡುವ ಸೈಕಲ್ ಮ್ಯಾಲೆ ಬರೋ ಒಬ್ಬ ಹಮಾಲ. ಕಡೀಕ ತಕ್ಕಡಿ ಮುಂದ ನಿಂತು ಇಬ್ಬರೂ ಬಂದೂಕು ಎಳದಂಗ ಕ್ಯಾಲ್ಕುಲೇಟರ್ ಎಳೀತಾರ. ಮಂದಿ ನಕ್ಕು ನಕ್ಕು ಸಾಕಾದ್ರು. ಆಮ್ಯಾಲೆ ಒಬ್ಬರು ಮೈಕ್ ಹಿಡಿದು, "ಕಾಪಿ ಐತಿ, ಇದರಾಗ ಸ್ವಂತದ್ದು ಏನೈತಿ?" ಅಂದ್ರು. ಅವತ್ತಿಂದ ಅವ ಒಂದು ಸಾಲು ಬರದಿಲ್ಲ.

ಆ ಹಮಾಲ ಸ್ವಂತದ್ದಲ್ಲೇನ್ರಿ? ಆ ಕ್ಯಾಲ್ಕುಲೇಟರ್?

ನವಿಲುತೀರ್ಥದ ಕಲ್ಲಗುಡ್ಡ, ಪರಸಗಡ ಕೋಟೆ ಕಂಡಾಗೆಲ್ಲ ಈಗ ಆ ತಿರುವಿನ್ಯಾಗ ಒಂದು ಕುದುರೆ ಬರಬೇಕಲ್ಲ ಅನಸ್ತೈತಿ ನನಗ. ಬರಿಯವ ಇಲ್ಲೇ ಅದಾನ, ನನ್ನ ಬೆಂಚಿನ್ಯಾಗ.

ಈ ರವಿವಾರ ಅವನ್ನ ಕೂಡಿಸ್ಕೊಂಡು ನಾರಾಯಣನ್ನ ತೋರಸಾಂವ ಅದೇನಿ. ಮೂರು ತಾಸು ಕೂಡಂಗಿಲ್ಲ ಅಂತ ಈಗಾಗಲೇ ತಕರಾರು ತಗದಾನ. ಗಿರ್ಮಿಟ್ ನಂದು ಅಂದೇನಿ.