ಅಧ್ಯಕ್ಷರ ಮಗ, ಮೊಮ್ಮಗ ಮತ್ತು ನಾವು

ಭಾಲ್ಕಿಯ ಮತದಾರ ಬಂಧುಗಳಿಗೆ ಒಂದು ಲೆಕ್ಕ ಕೇಳುತ್ತೇವೆ. 1989ರಿಂದ 2023ರ ತನಕ ನಿಮ್ಮ ಕ್ಷೇತ್ರದಲ್ಲಿ ವಿಧಾನಸಭೆಗೆ ಎಂಟು ಸಾರ್ವತ್ರಿಕ ಚುನಾವಣೆಗಳು ನಡೆದವು. ಎಂಟರಲ್ಲಿಯೂ ಗೆದ್ದ ಮನೆತನ ಯಾವುದು? ವಿಜಯಕುಮಾರ ಖಂಡ್ರೆ ಎರಡು ಸಲ, ಪ್ರಕಾಶ ಖಂಡ್ರೆ ಎರಡು ಸಲ, ಈಶ್ವರ ಖಂಡ್ರೆ ನಾಲ್ಕು ಸಲ! ಕಾಂಗ್ರೆಸ್ಸು ಗೆದ್ದರೂ ಖಂಡ್ರೆ, ಭಾ.ಜ.ಪ. ಗೆದ್ದರೂ ಖಂಡ್ರೆ. 2004ರಲ್ಲಿಯೂ 2023ರಲ್ಲಿಯೂ ಎರಡು ಪಕ್ಷಗಳು ಎದುರುಬದುರು ನಿಲ್ಲಿಸಿದ್ದು ಒಂದೇ ಮನೆತನದ ಇಬ್ಬರನ್ನು. ಇದಕ್ಕೆ ಚುನಾವಣೆ ಎನ್ನಬೇಕೋ, ಮನೆಪಾಲು ಎನ್ನಬೇಕೋ?

ಹಿರಿಯರಾದ ಭೀಮಣ್ಣ ಖಂಡ್ರೆಯವರ ವಿಷಯದಲ್ಲಿ ನಮ್ಮ ತಕರಾರಿಲ್ಲ. ನಿಜಾಮಶಾಹಿಯ ವಿರುದ್ಧ ನಿಂತವರು, 1962ರಲ್ಲಿ ಶಾಸಕರಾದರು, ವೀರಪ್ಪ ಮೊಯಿಲಿಯವರ ಸಂಪುಟದಲ್ಲಿ ಸಾರಿಗೆ ಮಂತ್ರಿಗಳಾದರು, ಅಖಿಲ ಭಾರತ ವೀರಶೈವ ಮಹಾಸಭೆಯ ಅಧ್ಯಕ್ಷ ಪೀಠದಲ್ಲಿ ಕುಳಿತರು. ಆ ಕುರ್ಚಿಗಳನ್ನು ಬೆವರು ಸುರಿಸಿ ಪಡೆದರೆಂದೇ ಒಪ್ಪೋಣ. ಆದರೆ ಬೆವರು ಪಿತ್ರಾರ್ಜಿತ ಆಸ್ತಿಯೇ?

ಮಗ ಈಶ್ವರ ಖಂಡ್ರೆಯವರು 2004ರಲ್ಲಿ ಸೋತರು, 2008ರಿಂದ ಗೆಲ್ಲುತ್ತ ಬಂದರು, 2019ರಲ್ಲಿ ಲೋಕಸಭೆಗೆ ನಿಂತು ಔರಾದಿನ ಭಗವಂತ ಖೂಬಾ ಅವರೆದುರು ಸೋತರು. 2023ರಲ್ಲಿ ಅರಣ್ಯ ಮಂತ್ರಿಗಳಾದರು. ಮರುವರ್ಷವೇ ಅದೇ ಲೋಕಸಭಾ ಕ್ಷೇತ್ರದ ಟಿಕೆಟು ಅವರ ಮಗ ಸಾಗರ ಅವರಿಗೆ. ವಯಸ್ಸು 26! ಗೆದ್ದ ಅಂತರ 1 ಲಕ್ಷ 28 ಸಾವಿರಕ್ಕೂ ಮಿಕ್ಕಿ.

'ಜನರೇ ಆರಿಸಿದರಲ್ಲ' ಎಂದು ಅವರ ಕಡೆಯವರು ಹೇಳುತ್ತಾರೆ. ಆರಿಸಿದ್ದು ನಿಜ. ತಟ್ಟೆಯಲ್ಲಿ ಬಡಿಸಿದ್ದನ್ನು ಉಂಡೆವು. ಅಡಿಗೆಮನೆಗೆ ನಮ್ಮನ್ನು ಬಿಟ್ಟವರು ಯಾರು? ಲೋಕಸಭೆಗೆ ನಿಲ್ಲಲು ಠೇವಣಿ 25,000 ರೂಪಾಯಿ, ಕಾನೂನು ಒಪ್ಪಿದ ಖರ್ಚಿನ ಮಿತಿಯೇ 95 ಲಕ್ಷ. ಗಂಜಿನಲ್ಲಿ ಬೇಳೆಯ ಚೀಲ ಹೊರುವ 26ರ ಹುಡುಗನಿಗೆ ಯಾವ ಪಕ್ಷ ಟಿಕೆಟು ಕೊಟ್ಟೀತು? ಹಳ್ಳಿಖೇಡದ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವುದು ನಿಂತಾಗ ಅಲ್ಲಿಯ ಕಾಮಗಾರನ ಮಗನಿಗೆ ಅಪ್ಪನ ಕೆಲಸ ವಂಶಪಾರಂಪರ್ಯವಾಗಿ ಬರಲಿಲ್ಲ.

ಇದು ಒಂದೇ ಮನೆಯ ಕಥೆಯೂ ಅಲ್ಲ. ಔರಾದಿನಿಂದಲೂ ಆಮೇಲೆ 2013ರಲ್ಲಿ ಬೀದರಿನಿಂದಲೂ ಶಾಸಕರಾಗಿದ್ದ ಗುರುಪಾದಪ್ಪ ನಾಗಮಾರಪಳ್ಳಿಯವರು ಜಿಲ್ಲಾ ಸಹಕಾರಿ ಬ್ಯಾಂಕಿನ ಅಧ್ಯಕ್ಷರೂ ಆಗಿದ್ದರು. ಅವರ ಮಗ ಸೂರ್ಯಕಾಂತ ಅವರು ಬೀದರಿನಲ್ಲಿ 2018ರಲ್ಲಿ ಒಂದು ಪಕ್ಷದಿಂದ, 2023ರಲ್ಲಿ ಇನ್ನೊಂದು ಪಕ್ಷದಿಂದ ನಿಂತರು. ಬೀದರಿನ ಜನ ಎರಡು ಸಲವೂ ರಹೀಂ ಖಾನರನ್ನು ಗೆಲ್ಲಿಸಿದರು. ಅಧ್ಯಕ್ಷರ ಮಗನಿಗೆ 'ಬೇಡ' ಎನ್ನಲು ನಮ್ಮ ಜನಕ್ಕೆ ಬರುತ್ತದೆ! ಆದರೆ ಬ್ಯಾಂಕಿನ ಕುರ್ಚಿ? ಅದು ಆ ಮನೆಯಲ್ಲಿಯೇ ಇನ್ನೊಬ್ಬ ಮಗನ ಕೈಯಲ್ಲಿದ್ದು, 2023ರಲ್ಲಿ ಅರಣ್ಯ ಮಂತ್ರಿಗಳ ಸಹೋದರ ಅಮರಕುಮಾರ ಖಂಡ್ರೆಯವರ ಕೈಗೆ ಹೋಯಿತು. ರೈತನ ಸಾಲ ಹರಿಯುವ ಕುರ್ಚಿ ಅದು. ವಿಧಾನಸೌಧದ ದಾರಿ ಅದರ ಪಕ್ಕದಲ್ಲಿಯೇ ಹಾಯುತ್ತದೆ.

ಕಾಮಗಾರನ ಮಗ, ಕಿರಾಣಿ ಅಂಗಡಿಯವನ ಮಗ ಮೇಲೇರಲು ಇದ್ದ ಏಣಿ ತಾಲೂಕು ಪಂಚಾಯತಿ, ಜಿಲ್ಲಾ ಪಂಚಾಯತಿ. 2021ರಲ್ಲಿ ಅವುಗಳ ಅವಧಿ ಮುಗಿಯಿತು. ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಆಗ ಆಳಿದ ಭಾ.ಜ.ಪ.ವೂ ನಡೆಸಲಿಲ್ಲ, 2023ರಲ್ಲಿ ಬಂದ ಕಾಂಗ್ರೆಸ್ಸೂ ಬೇಗನೆ ಮನಸ್ಸು ಮಾಡಲಿಲ್ಲ. ಮಂತ್ರಿಗಳ ಮಗನಿಗೆ ಆ ಏಣಿ ಬೇಕಾಗಿರಲಿಲ್ಲ. ಬೇಕಾಗಿದ್ದುದು ನಿಮ್ಮ ಮಗನಿಗೆ. ಮುಂದಿನ ಸಲ ಮತ ಕೇಳಲು ಗಂಜಿಗೆ ಯಾರೇ ಬರಲಿ, ಮಾಲೆ ಹಾಕುವ ಮೊದಲು ಈ ಲೆಕ್ಕ ಕೇಳಿರಿ.