ಜಪಾನೀ ಅಕ್ಷರಗಳನ್ನು ಅಂದವಾಗಿ ಬರೆಯುವ ಬಗೆ

ಉದ್ಯೋಗದ ನಿಮಿತ್ತವಾಗಿಯೋ ವಿದ್ಯಾಭ್ಯಾಸದ ನಿಮಿತ್ತವಾಗಿಯೋ ಜಪಾನೀ ಭಾಷೆಯನ್ನು ಕಲಿಯುವ ತರುಣ ತರುಣಿಯರು ಈಗ ಬೆಂಗಳೂರು ಮೊದಲಾದ ಪಟ್ಟಣಗಳಲ್ಲಿ ಅಪೂರ್ವರಲ್ಲ. ಇವರಲ್ಲಿ ಅನೇಕರಿಗೆ ಮಾತು ಬೇಗನೆ ನಾಲಗೆಗೆ ಹತ್ತುವುದು. ಓದೂ ತಕ್ಕಮಟ್ಟಿಗೆ ಕೈಗೂಡುವುದು. ಬರವಣಿಗೆ ಮಾತ್ರ ಕಾಗೆಯ ಕಾಲು, ಗುಬ್ಬಿಯ ಕಾಲು. ಕನ್ನಡವನ್ನು ಮುತ್ತು ಪೋಣಿಸಿದಂತೆ ಬರೆಯುವವರ ಕೈಯೂ ಆ ಲಿಪಿಯ ಮುಂದೆ ಮಗುವಿನ ಕೈಯಾಗುವುದನ್ನು ನಾವು ಕಂಡಿದ್ದೇವೆ. ಈ ತಿಂಗಳು ಆ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬಯಸುತ್ತೇವೆ.

ನಮ್ಮ ಸ್ನೇಹಿತರ ಮಗನೊಬ್ಬನು ಕೆಲಸದ ಮೇಲೆ ಜಪಾನಿಗೆ ಹೋಗಿದ್ದಾಗ, ಒಂದು ಸಂಜೆ ದಾರಿ ತಪ್ಪಿ ಮಳೆಯಲ್ಲಿ ನಿಂತಿದ್ದನು. ವೃದ್ಧೆಯೊಬ್ಬರು ಅವನನ್ನು ಮನೆಯೊಳಕ್ಕೆ ಕರೆದು, ಬಿಸಿ ಚಹಾ ಕೊಟ್ಟು, ಮಳೆ ನಿಂತ ಮೇಲೆ ನಿಲ್ದಾಣದವರೆಗೂ ಬಂದು ದಾರಿ ತೋರಿಸಿದರು. ಬೆಂಗಳೂರಿಗೆ ಹಿಂದಿರುಗಿದ ಮೇಲೆ ಅವನು ತನ್ನ ಕೈಯಿಂದಲೇ ಅವರಿಗೊಂದು ಕೃತಜ್ಞತಾ ಪತ್ರವನ್ನು ಬರೆದನು. ಉತ್ತರವೂ ಬಂದಿತು. ಆದರೆ ಅದರಲ್ಲಿ ಅವನ ಹೆಸರಿನ ಮೊದಲಿನ 'ಶಿ' ಹೋಗಿ 'ತ್ಸು' ಆಗಿದ್ದಿತು! ಆ ತಾಯಿಯ ತಪ್ಪೇನೂ ಇಲ್ಲ. ಇವನು ಬರೆದಿದ್ದಂತೆಯೇ ಅವರು ಓದಿದ್ದರು. ಪತ್ರವನ್ನು ಕೈಯಲ್ಲಿ ಹಿಡಿದು ನಮ್ಮಲ್ಲಿಗೆ ಬಂದಾಗ ಹುಡುಗನ ಮುಖ ಸಪ್ಪಗಾಗಿದ್ದಿತು.

"ಪರೀಕ್ಷೆಯಲ್ಲಿ ಕೈಬರಹವನ್ನು ಕೇಳುವುದೇ ಇಲ್ಲವಲ್ಲ, ಮಾವ! ಮೊಬೈಲಿನಲ್ಲಿ ಉಚ್ಚಾರಣೆಯನ್ನು ಒತ್ತಿದರೆ ಅಕ್ಷರ ತಾನೇ ಬರುತ್ತದೆ. ಇದಕ್ಕಾಗಿ ಇಷ್ಟು ಶ್ರಮಪಡಬೇಕೆ?" ಎಂದು ಅವನು ಕೇಳಿದನು.

ಅವನ ಮಾತು ಸುಳ್ಳಲ್ಲ. ಐದು ಹಂತಗಳಲ್ಲಿ ನಡೆಯುವ ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸಿದರಾಯಿತು. ಒಂದು ಅಕ್ಷರವನ್ನಾದರೂ ಬರೆಯಬೇಕಾಗಿಲ್ಲ. ಆದರೂ ನಮ್ಮ ಅಭಿಪ್ರಾಯ ಬೇರೆ. ಕೈಯಿಂದ ಬರೆಯದವನು ಅಕ್ಷರವನ್ನು ನೋಡುವನೇ ಹೊರತು ಅರಿಯನು. ಎರಡು ಅಕ್ಷರಗಳ ಭೇದವನ್ನು ಕೈಯಲ್ಲಿ ತೋರಿಸಲಾರದವನು ಓದುವಾಗಲೂ ಅವೆರಡನ್ನು ಒಂದಾಗಿ ಕಾಣುವನು. ಇದಲ್ಲದೆ, ಪತ್ರವೆಂಬುದು ಓದುವವರಿಗಾಗಿ ಬರೆಯುವಂತಹದು. ನಮ್ಮ ಅವಸರದ ಹೊರೆಯನ್ನು ಅವರ ಕಣ್ಣಿನ ಮೇಲೆ ಹೊರಿಸುವುದು ಮರ್ಯಾದೆಯಲ್ಲ.

ಜಪಾನೀ ಬರವಣಿಗೆಯಲ್ಲಿ ಮೂರು ಬಗೆಯ ಅಕ್ಷರಗಳು ಬೆರೆತಿರುವುವು. ಹಿರಗಾನವೂ ಕತಕಾನವೂ ಉಚ್ಚಾರಣೆಯನ್ನು ತೋರಿಸತಕ್ಕವು. ಒಂದೊಂದರಲ್ಲಿಯೂ ಮೂಲಾಕ್ಷರಗಳು ೪೬. ಚೀನಾದಿಂದ ಬಂದ ಕಾಂಜಿಗಳು ಅರ್ಥವನ್ನು ತೋರಿಸುವುವು. ೨೦೧೦ರಲ್ಲಿ ಪರಿಷ್ಕೃತವಾದ ನಿತ್ಯೋಪಯೋಗದ ಪಟ್ಟಿಯಲ್ಲಿ ೨,೧೩೬ ಕಾಂಜಿಗಳಿವೆ. ಇವುಗಳಲ್ಲಿ ೧,೦೨೬ನ್ನು ಅಲ್ಲಿನ ಮಕ್ಕಳು ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಕಲಿಯುವರು. ಮೊದಲನೆಯ ವರ್ಷಕ್ಕೆ ೮೦ ಮಾತ್ರ. ಆರು ವರ್ಷಗಳ ಕೆಲಸವನ್ನು ಆರು ತಿಂಗಳಲ್ಲಿ ಮುಗಿಸಲು ಹೊರಟವನ ಅಕ್ಷರ ಕೆಡುವುದರಲ್ಲಿ ಆಶ್ಚರ್ಯವೇನು?

ಮೊದಲು ಗಮನಿಸತಕ್ಕದ್ದು ಗೆರೆಗಳ ಕ್ರಮ. ಮೇಲಿನದು ಮೊದಲು, ಕೆಳಗಿನದು ಅನಂತರ. ಎಡದ್ದು ಮೊದಲು, ಬಲದ್ದು ಆಮೇಲೆ. ಅಡ್ಡಗೆರೆಯೂ ನಿಲುಗೆರೆಯೂ ಒಂದನ್ನೊಂದು ಹಾಯುವಲ್ಲಿ ಸಾಮಾನ್ಯವಾಗಿ ಅಡ್ಡಗೆರೆಯೇ ಮೊದಲು. 'ಹತ್ತು' ಎಂಬ ಅಕ್ಷರ ಹೀಗೆ. 'ಚಿಕ್ಕದು' ಎಂಬ ಅಕ್ಷರದಲ್ಲಿ ನಡುವಿನ ಗೆರೆಯನ್ನು ನಿಲ್ಲಿಸಿದ ಮೇಲೆ ಎರಡು ಪಕ್ಕಗಳು. 'ದೇಶ' ಎಂಬುದು ನಾಲ್ಕು ಗೋಡೆಯ ಮನೆಯಂತಿರುವ ಅಕ್ಷರ: ಮೊದಲು ಎಡಗೋಡೆ, ಬಳಿಕ ಮೇಲಣ ಮತ್ತು ಬಲಗಡೆಯ ಗೋಡೆಗಳು ಒಂದೇ ಗೆರೆಯಲ್ಲಿ, ಆಮೇಲೆ ಒಳಗಿನದು, ಕಟ್ಟಕಡೆಗೆ ಕೆಳಗಿನ ಗೆರೆ. ಮನೆಯವರೆಲ್ಲರೂ ಒಳಗೆ ಬಂದ ಮೇಲಲ್ಲವೆ ಬಾಗಿಲು ಹಾಕುವುದು? ನಮ್ಮ ಸೊನ್ನೆಯನ್ನು ಸುತ್ತಿ ಅಭ್ಯಾಸವಾದ ಕೈ 'ಬಾಯಿ' ಎಂಬ ಚೌಕವನ್ನೂ ಒಂದೇ ಸುತ್ತಿನಲ್ಲಿ ಮುಗಿಸಿಬಿಡುವುದು. ಅದಕ್ಕೆ ಮೂರು ಗೆರೆಗಳು. ಎರಡೂ ಅಲ್ಲ, ನಾಲ್ಕೂ ಅಲ್ಲ.

ಕ್ರಮ ಯಾವುದಾದರೇನು, ರೂಪ ಬಂದರೆ ಸಾಲದೆ ಎಂದು ಕೇಳುವವರುಂಟು. ನಿಧಾನವಾಗಿ ಬರೆಯುವವರೆಗೆ ಸಾಕೆಂದೇ ತೋರುವುದು. ಬೇಗ ಬರೆಯುವಾಗ ಗೆರೆಗಳು ಒಂದಕ್ಕೊಂದು ಕೂಡಿಕೊಳ್ಳುವುವು; ಕ್ರಮ ತಪ್ಪಿದ್ದರೆ ಕೂಡಬಾರದ ಕಡೆ ಕೂಡಿ ಅಕ್ಷರ ಬೇರೆಯಾಗುವುದು. ಹಿರಗಾನವೇ ಕಾಂಜಿಗಳನ್ನು ಬೇಗ ಬೇಗ ಬರೆದುದರಿಂದ ಹುಟ್ಟಿದುದು; ಕತಕಾನವು ಕಾಂಜಿಯ ಒಂದು ತುಂಡನ್ನು ತೆಗೆದುಕೊಂಡುದರಿಂದ ಬಂದುದು. 'ಕೂಡಿಸು' ಎಂಬರ್ಥದ ಒಂದೇ ಕಾಂಜಿಯನ್ನು ಓಡುಗೈಯಲ್ಲಿ ಬರೆದಾಗ ಹಿರಗಾನದ 'ಕ' ಆಯಿತು; ಅದರ ಎಡಭಾಗ ಮಾತ್ರ ಉಳಿದು ಕತಕಾನದ 'ಕ' ಆಯಿತು.

ಇನ್ನು ಆ ಹುಡುಗನನ್ನು ಸಪ್ಪಗೆ ಮಾಡಿದ ಅಕ್ಷರಗಳು. ಪರದೇಶದವರ ಹೆಸರುಗಳನ್ನು ಸಾಧಾರಣವಾಗಿ ಕತಕಾನದಲ್ಲಿ ಬರೆಯುವರು. ಅದರಲ್ಲಿ 'ಶಿ'ಗೂ 'ತ್ಸು'ವಿಗೂ ಎರಡು ಚಿಕ್ಕ ಗೆರೆಗಳು, ಒಂದು ಉದ್ದ ಗೆರೆ. 'ಶಿ'ಯಲ್ಲಿ ಚಿಕ್ಕವು ಎಡಗಡೆಯಲ್ಲಿ ಒಂದರ ಕೆಳಗೊಂದು ನಿಲ್ಲುವುವು; ಉದ್ದ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಬೀಸಬೇಕು. 'ತ್ಸು'ವಿನಲ್ಲಿ ಚಿಕ್ಕವು ಮೇಲ್ಗಡೆಯಲ್ಲಿ ಅಕ್ಕಪಕ್ಕದಲ್ಲಿ ನಿಲ್ಲುವುವು. ಉದ್ದ ಗೆರೆ ಮೇಲಿನಿಂದ ಕೆಳಕ್ಕೆ ಇಳಿಯುವುದು. ಒಂದು ಚಿಕ್ಕ ಗೆರೆಯನ್ನು ಕಳೆದರೆ 'ನ್' ಮತ್ತು 'ಸೋ' ಎಂಬ ಜೋಡಿಗೂ ಇದೇ ಭೇದ. ಗೆರೆ ಯಾವ ಕಡೆಯಿಂದ ಹೊರಟಿತೆಂಬುದನ್ನು ಕೈ ಬಲ್ಲದಾದರೆ ಈ ತಪ್ಪು ಮತ್ತೆ ಬಾರದು. ಕಾಂಜಿಗಳಲ್ಲಿಯೂ ಹೀಗೆಯೇ: ಎರಡು ಅಡ್ಡಗೆರೆಗಳಲ್ಲಿ ಕೆಳಗಿನದು ಉದ್ದವಾದರೆ 'ಮಣ್ಣು', ಮೇಲಿನದು ಉದ್ದವಾದರೆ 'ವೀರ'. ಕೂದಲೆಳೆಯಷ್ಟು ಅಜಾಗ್ರತೆಯಿಂದ ವೀರನು ಮಣ್ಣಾಗುವನು.

ಗೆರೆಯ ತುದಿಯನ್ನು ಮುಗಿಸುವ ರೀತಿ ಮೂರು. ಒತ್ತಿ ನಿಲ್ಲಿಸುವುದು 'ತೊಮೆ'; ಚಿಮ್ಮಿಸಿ ಕೊಕ್ಕೆಯಾಗಿಸುವುದು 'ಹನೆ'; ಬೀಸಿ ತೆಳ್ಳಗೆ ಬಿಡುವುದು 'ಹರಾಯಿ'. ಇವು ಕುಂಚದಿಂದ ಬಂದ ಗುಣಗಳು. ಜಪಾನಿನ ಶಾಲೆಗಳಲ್ಲಿ ೩ನೆಯ ತರಗತಿಯಿಂದ ಮಕ್ಕಳಿಗೆ ಕುಂಚದಿಂದಲೂ ಬರೆಯಿಸುವರು. ನಮಗೆ ಕುಂಚವಿಲ್ಲದಿದ್ದರೂ ಚಿಂತೆಯಿಲ್ಲ. ಅಲ್ಲಿನ ಚಿಕ್ಕ ಮಕ್ಕಳು ಉಪಯೋಗಿಸುವಂತಹ ಮೆತ್ತನೆಯ ೨ಬಿ ಪೆನ್ಸಿಲು ಸಾಕು. ಗಟ್ಟಿ ಮೊನೆಯ ಲೇಖನಿಯಲ್ಲಿ ಮೂರು ತುದಿಗಳೂ ಒಂದೇ ಆಗಿ ಕಾಣುವುವು.

ಮೂರನೆಯದು ಚೌಕ. ಅಕ್ಷರ ಹತ್ತು ಗೆರೆಯದಾಗಲಿ ಒಂದು ಗೆರೆಯದಾಗಲಿ, ಎಲ್ಲಕ್ಕೂ ಸಮನಾದ ಒಂದೊಂದು ಚೌಕ. ಆದುದರಿಂದ ಅಭ್ಯಾಸದ ಪುಸ್ತಕಗಳಲ್ಲಿ ಚೌಕಗಳನ್ನು ಅಚ್ಚು ಹಾಕಿ, ಅವುಗಳ ನಡುವೆ ಚುಕ್ಕೆಯ ಗೆರೆಗಳಿಂದ ನಾಲ್ಕು ಭಾಗ ಮಾಡಿರುವರು. ಯಾವ ಗೆರೆ ಯಾವ ಭಾಗದಲ್ಲಿ ಮೊದಲಾಗಿ ಎಲ್ಲಿ ಮುಗಿಯುವುದೆಂದು ನೋಡಿ ಬರೆಯುವುದೇ ಅಂದದ ಗುಟ್ಟು. 'ಮರ' ಎಂಬ ಅಕ್ಷರ ಒಂಟಿಯಾಗಿದ್ದರೆ ಎರಡು ಕೊಂಬೆಗಳನ್ನೂ ಚಾಚಿ ನಿಲ್ಲುವುದು. ಎರಡು ಮರಗಳು ಸೇರಿ 'ತೋಪು' ಆದಾಗ ಎಡಗಡೆಯ ಮರವು ಮೈ ಕಿರಿದುಮಾಡಿಕೊಂಡು, ತನ್ನ ಬಲಗೊಂಬೆಯನ್ನು ಮೊಟಕಾಗಿಸಿ ನೆರೆಯವನಿಗೆ ಎಡೆ ಕೊಡುವುದು. ಎರಡೂ ಮರಗಳನ್ನು ಪೂರ್ಣವಾಗಿ ಬರೆದವನ ತೋಪು ಚೌಕವನ್ನು ಮೀರಿ ಎರಡು ಅಕ್ಷರಗಳಂತೆ ಕಾಣುವುದು. ಒಂದೇ ಸೂರಿನ ಕೆಳಗೆ ಬಾಳುವವರಿಗೆ ಈ ಪಾಠ ಹೊಸತೇನಲ್ಲ.

ಮೇಲ್ಪಂಕ್ತಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಅಚ್ಚಿನ ಅಕ್ಷರವನ್ನೇ ನೋಡಿ ಬರೆಯಬಾರದು. ಹಿರಗಾನದ 'ಕಿ', 'ಸ' ಮೊದಲಾದವುಗಳಲ್ಲಿ ಅಚ್ಚಿನಲ್ಲಿ ಕೂಡಿಕೊಂಡಿರುವ ಗೆರೆಯನ್ನು ಕೈಬರಹದಲ್ಲಿ ಬಿಡಿಸಿ ಬರೆಯುವುದು ವಾಡಿಕೆ. ಮಕ್ಕಳ ಪಠ್ಯಪುಸ್ತಕಗಳಿಗೆಂದೇ ಇರುವ ಅಕ್ಷರರೂಪವನ್ನು ಅನುಸರಿಸುವುದು ಲೇಸು. ಹಾಗೆಂದು ತುದಿಯೊಂದು ಚಿಮ್ಮಲಿಲ್ಲವೆಂದು ಎದೆಗುಂದಬೇಕಾಗಿಯೂ ಇಲ್ಲ. ೨೦೧೬ರಲ್ಲಿ ಜಪಾನಿನ ಸಂಸ್ಕೃತಿ ಇಲಾಖೆಯವರು ಪ್ರಕಟಿಸಿದ ಮಾರ್ಗದರ್ಶನದಲ್ಲಿ, ಅಕ್ಷರದ ಅಸ್ಥಿ ಕೆಡದಿದ್ದರೆ ನಿಲ್ಲಿಸುವ, ಚಿಮ್ಮಿಸುವ ಸಣ್ಣ ಭೇದಗಳನ್ನು ತಪ್ಪೆಂದು ಎಣಿಸಬೇಕಾಗಿಲ್ಲವೆಂದು ವಿವರಿಸಿದ್ದಾರೆ.

ಈಗ ದಿನಚರಿಯ ಮಾತು. ನಾವೂ ಒಂದು ಕಾಲದಲ್ಲಿ ಈ ಲಿಪಿಯನ್ನು ಅಭ್ಯಾಸ ಮಾಡಿದವರು. ಹಟದಿಂದ ಒಂದೊಂದು ಅಕ್ಷರವನ್ನು ನೂರು ನೂರು ಸಲ ಬರೆದು ಪುಟ ತುಂಬಿಸಿದವರು. ಆಮೇಲೆ ನೋಡಿದರೆ ಮೊದಲನೆಯದಕ್ಕಿಂತ ನೂರನೆಯದೇ ಕೆಟ್ಟದಾಗಿದ್ದಿತು! ಏಕೆಂದರೆ ಎರಡನೆಯದನ್ನು ಬರೆಯುವಾಗ ಮೇಲ್ಪಂಕ್ತಿಯನ್ನು ಬಿಟ್ಟು ನಮ್ಮ ಮೊದಲನೆಯದನ್ನೇ ನೋಡಿದೆವು; ಮೂರನೆಯದಕ್ಕೆ ಎರಡನೆಯದನ್ನು. ತಪ್ಪನ್ನೇ ನೂರು ಸಲ ತಿದ್ದಿ ಗಟ್ಟಿಮಾಡಿಕೊಂಡುದಾಯಿತು. ಅದನ್ನು ಮರೆಯಲು ಕಲಿತುದಕ್ಕಿಂತ ಹೆಚ್ಚು ದಿನಗಳು ಹಿಡಿದುವು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?

ಆದುದರಿಂದ ದಿನಕ್ಕೆ ಕಾಲು ಗಂಟೆ, ಐದೇ ಅಕ್ಷರಗಳು. ನೆಟ್ಟಗೆ ಕುಳಿತು, ಎಡಗೈಯಿಂದ ಕಾಗದವನ್ನು ಒತ್ತಿ ಹಿಡಿದು, ಮೇಲ್ಪಂಕ್ತಿಯ ಮೇಲೆ ಒಂದು ಸಲ ತಿದ್ದುವುದು. ಆಮೇಲೆ ಪಕ್ಕದ ಚೌಕದಲ್ಲಿ ನೋಡಿ ಬರೆಯುವುದು. ಕಡೆಗೆ ಪುಸ್ತಕವನ್ನು ಮುಚ್ಚಿ ಬರೆಯುವುದು. ಒಂದೊಂದನ್ನೂ ಬರೆದಾದ ಮೇಲೆ ಮೂಲದೊಡನೆ ಹೋಲಿಸಿ, ಕೆಟ್ಟ ಗೆರೆಗೆ ಕೆಂಪು ಗುರುತು ಹಾಕುವುದು. ಮರಳಿನ ಮೇಲೂ ಹಲಗೆಯ ಮೇಲೂ ಅಕ್ಷರ ತಿದ್ದಿಸಿದ ನಮ್ಮ ಹಿರಿಯರಿಗೆ ಈ ಕ್ರಮ ಅಪರಿಚಿತವಾಗಿರಲಿಲ್ಲ. ತಿಂಗಳಿಗೊಮ್ಮೆ ಹಳೆಯ ಪುಟವನ್ನು ತೆಗೆದು ನೋಡಿದರೆ ಕೈ ಎಷ್ಟು ಮುಂದುವರಿದಿದೆಯೆಂಬುದು ತಾನಾಗಿ ತಿಳಿಯುವುದು. ಜಪಾನೀಯರು ಜನವರಿ ೨ರಂದು 'ಕಾಕಿಜೋಮೆ' ಎಂದು ವರ್ಷದ ಮೊದಲ ಬರವಣಿಗೆಯನ್ನು ಕುಂಚದಿಂದ ಬರೆಯುವ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. ಬಲ್ಲವರೂ ವರ್ಷಕ್ಕೊಮ್ಮೆ ಮೊದಲಿನಿಂದ ತೊಡಗುವರೆಂದ ಮೇಲೆ ಕಲಿಯುವವರಿಗೆ ನಾಚಿಕೆಯೇಕೆ?

ನಮ್ಮ ಸ್ನೇಹಿತರ ಮಗನು ಆರು ತಿಂಗಳು ಹೀಗೆ ತಿದ್ದಿದನು. ಹೊಸ ವರ್ಷಕ್ಕೆ ಆ ವೃದ್ಧೆಗೆ ಇನ್ನೊಂದು ಪತ್ರವನ್ನು ಬರೆದನು. ಅಕ್ಷರಗಳು ಇನ್ನೂ ಸ್ವಲ್ಪ ಬಿಗುವಾಗಿದ್ದರೂ ತಂತಮ್ಮ ಚೌಕದಲ್ಲಿ ನೆಟ್ಟಗೆ ಕುಳಿತಿದ್ದುವು. ಕೆಲವು ದಿನಗಳ ಮೇಲೆ ಉತ್ತರ ಬಂದಿತು. ಈ ಸಲ ಅವನ ಹೆಸರು ಸರಿಯಾಗಿದ್ದಿತು. ಅವನ ಕೈಬರಹದ ವಿಷಯವಾಗಿ ಆ ತಾಯಿ ಒಂದು ಮಾತನ್ನೂ ಬರೆದಿರಲಿಲ್ಲ. ಬರೆಯಬೇಕಾದ ಅಗತ್ಯವೂ ಇರಲಿಲ್ಲ.